ಕೊನೆಯ ಸಾಲು

"ನಾಯಿಯ ಕಣ್ಣಿಗೆ ಹುಳ ಮುತ್ತಿತ್ತು, ಕಾಮಾ, ಆದರೂ ಅದು ಸಾಯಲಿಲ್ಲ, ಫುಲ್‌ಸ್ಟಾಪ್." ಇಷ್ಟು ಓದಿ ಅವಳು ಹಸ್ತಪ್ರತಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಥೂ! ನಾಯೀನೂ ಬಿಡ್ಲಿಲ್ವಲ್ಲ ಮೇಷ್ಟ್ರೇ ಈ ಮಹಾನುಭಾವ!"

"ಓದಮ್ಮಾ, ಇನ್ನು ನಾಲ್ಕೇ ಹಾಳೆ," ಎಂದರು ಮೇಷ್ಟ್ರು, ಕರಡಿನಿಂದ ತಲೆ ಎತ್ತದೆ.

ಶಾಲೆಯಿಂದ ನಿವೃತ್ತರಾಗಿ ಮುದ್ರಣಾಲಯದ ಈ ಹಿಂದಿನ ಕೋಣೆ ಸೇರಿದ ಅವರದು ಟೈಪಾಗಿ ಬಂದ ಕರಡು ತಿದ್ದುವ ಕೆಲಸ. ಅವಳದು ಲೇಖಕ ಬರೆದದ್ದನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಗಟ್ಟಿಯಾಗಿ ಓದುವ ಕೆಲಸ. ಅವಳ ಬಾಯಲ್ಲಿ ಬಂದದ್ದು ಕರಡಿನಲ್ಲಿ ಇರಬೇಕು, ಬಾರದ್ದು ಇರಕೂಡದು. ಹಸ್ತಪ್ರತಿಯನ್ನು ಮೇಷ್ಟ್ರು ಇಣುಕಿ ಕೂಡ ನೋಡುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅವಳ ಮಾತೇ ಪ್ರಮಾಣ.

ಈ ಕಾದಂಬರಿಯಂತೂ ಅವಳಿಗೆ ಹೇಸಿಗೆ ಹುಟ್ಟಿಸಿತ್ತು. ಮೊದಲ ಅಧ್ಯಾಯಕ್ಕೇ ತಾಯಿ ನೇಣು ಹಾಕಿಕೊಂಡಳು, ಮೂರನೆಯದಕ್ಕೆ ಅಣ್ಣನ ಕಾಲು ಕೊಳೆಯಿತು. ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಇಲ್ಲಿ ಕಲ್ಲೆಲ್ಲ ಲೇಖಕನೇ ಹೊತ್ತು ತಂದಿದ್ದ. ಮುನ್ನೂರು ಪುಟದಲ್ಲಿ ಒಬ್ಬರಾದರೂ ನಕ್ಕಿರಲಿಲ್ಲ, ಒಂದು ಹೊತ್ತಿನ ಊಟವಾದರೂ ಯಾರಿಗೂ ರುಚಿಸಿರಲಿಲ್ಲ. ದುಃಖವಾಗಿದ್ದರೆ ಅತ್ತು ಹಗುರಾಗುತ್ತಿದ್ದಳು. ಇದು ಎಷ್ಟು ತೊಳೆದರೂ ಹೋಗದ ಜಿಡ್ಡು. ಮನೆಯಲ್ಲಿ ಏಳು ವರ್ಷದ ಮಗಳು ಕತ್ತರಿ ಹಿಡಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ನಿನ್ನೆ ಮಗು ಮೆಟ್ಟಿಲಲ್ಲಿ ಓಡಿತೆಂದು ರಪ್ಪನೆ ಬಾರಿಸಿದ್ದಳು. "ಅಮ್ಮ, ನಿಂಗೇನಾಗಿದೆ?" ಎಂದು ಅದು ಬಿಕ್ಕಿತ್ತು.

ಕಾದಂಬರಿಯಲ್ಲೂ ಅದೇ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ಹೇಗೋ ಇನ್ನೂ ಉಳಿದುಕೊಂಡಿದ್ದಳು. ಲೇಖಕ ಇವಳನ್ನಾದರೂ ಬಿಟ್ಟಾನು ಎಂಬ ಆಸೆಯಲ್ಲೇ ಅವಳು ಕೊನೆಯ ಹಾಳೆ ತಿರುವಿದಳು.

"ಹುಡುಗಿ ಬಾಗಿಲು ತೆಗೆದು ಹೊರಗೆ ಹೋದಳು, ಫುಲ್‌ಸ್ಟಾಪ್."

ಅದರ ಕೆಳಗೆ ಇನ್ನೊಂದೇ ಸಾಲಿತ್ತು. ಅವಳು ಕಣ್ಣಲ್ಲೇ ಓದಿಕೊಂಡಳು. ಹಾಳೆಯನ್ನು ಮಗುಚಿಟ್ಟಳು.

"ಮುಗೀತು ಮೇಷ್ಟ್ರೇ."

"ಎಲ್ಲಿ ಮುಗೀತು? ಇಲ್ಲೊಂದು ಸಾಲಿದೆಯಲ್ಲ. ಬೆಳಿಗ್ಗೆ ಅವಳ ರಿಬ್ಬನ್ನು ಬಾವೀಲಿ ತೇಲ್ತಿತ್ತು ಅಂತ."

"ನನ್ನ ಹತ್ರ ಇಲ್ಲ."

"ಹಾಗಾದ್ರೆ ಟೈಪ್ ಮಾಡೋನ ಕಿತಾಪತಿ ಇರ್ಬೇಕು. ನೀನು ಇಲ್ಲ ಅಂದ್ಮೇಲೆ ಇಲ್ಲ, ಬಿಡು." ಮೇಷ್ಟ್ರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದೇಬಿಟ್ಟರು.

ಇದು ಕೊನೆಯ ಕರಡು. ಸಂಜೆ ಅಚ್ಚಿಗೆ ಹೋದರೆ ಮತ್ತೆ ಯಾರೂ ನೋಡುವವರಿಲ್ಲ. ಹುಡುಗಿ ಬದುಕಿದಳು! ಎಷ್ಟೋ ದಿನಗಳ ಮೇಲೆ ಅವಳಿಗೆ ಸಲೀಸಾಗಿ ಉಸಿರಾಡಿದಂತಾಯಿತು.

ಮೇಷ್ಟ್ರು ಎಂದಿನಂತೆ ಹಾಳೆಯ ತಲೆಯ ಮೇಲೆ 'ಮೂಲಕ್ಕೆ ಹೋಲಿಸಿ ನೋಡಿದೆ' ಎಂದು ಬರೆಯತೊಡಗಿದರು. ಅಕ್ಷರ ಗುಂಡಗಿತ್ತು. ಕೆಳಗೆ ಸಹಿ ಹಾಕಲು ಅವರು ಪೆನ್ನು ಸರಿಸಿದಾಗ, ಇಷ್ಟು ದಿನ ಲೇಖಕನ ಮೇಲಿದ್ದ ಹೇಸಿಗೆಯೆಲ್ಲ ಅವಳಿಗೆ ತನ್ನ ಮೇಲೇ ತಿರುಗಿತು.

"ತಡೀರಿ ಮೇಷ್ಟ್ರೇ. ಆ ಸಾಲು ಇದೆ. ನಾನೇ ನುಂಗಿಬಿಟ್ಟೆ."

ಮೇಷ್ಟ್ರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಕನ್ನಡಕ ಒರೆಸಿ ಹಾಕಿಕೊಂಡು, "ಓದು," ಎಂದರು.

ಅವಳು ಓದಿದಳು, ರಿಬ್ಬನ್ನಿನ ಬಣ್ಣವನ್ನೂ ಬಿಡದೆ. ಮೇಷ್ಟ್ರು ಹಾಳೆಯ ಮೇಲೆ ಬಾಗಿ, ತಾವು ಹೊಡೆದುಹಾಕಿದ ಸಾಲನ್ನು ಉಳಿಸಿಕೊಳ್ಳಿ ಎಂಬ ಗುರುತಿಗೆ, ಅದರ ಅಡಿಯುದ್ದಕ್ಕೂ ಒಂದೊಂದೇ ಕೆಂಪು ಚುಕ್ಕಿ ಇಡುತ್ತಾ ಹೋದರು.