ಸಲೆತೋವಾಕ್ಕೆ ಕೇಳುತ್ತಿದ್ದ ಗಂಟೆ

"ಆ ಕಂಡಿಯಿಂದಾನೇ ದೋಣಿ ಹೊರಟಿತು ಅಂತೀಯಾ?" ಎಂದು ನಿವಾ ಅಜ್ಜಿ ಕೇಳಿದಳು. ಕೇಳಿದವಳು ಸಿಪ್ಪೆ ಹೆರೆಯುತ್ತಿದ್ದ ದೀವಿಹಲಸನ್ನು ಮಡಿಲಿಗಿಳಿಸಿ, ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದಳು.

ತಿಲೊಮೈ ಓದುವುದನ್ನು ನಿಲ್ಲಿಸಿದಳು. ಅವಳು ಕೂತಿದ್ದು ಸಲೆತೋವಾ ಊರಿನ ಹಿರಿಯ ಉಸುಗಾನ ಮನೆಯಲ್ಲಿ, ಅತಿಥಿಗೆಂದೇ ಹಾಸಿದ ಚಾಪೆಯ ಮೇಲೆ. ಅವಳದು ಪಕ್ಕದ ಫಗಲೂಪೆ, ಅಲ್ಲಿನ ಶಾಲೆಯಲ್ಲಿ ಟೀಚರು. ನೂರು ವರ್ಷದ ಹಿಂದೆ ಬಿರುಗಾಳಿಗೆ ಸಿಕ್ಕಿ, ಕರಾವಳಿಯ ಹವಳದ ದಂಡೆಗೆ ಬಡಿದು ಒಡೆದ ಒಂದು ಹಡಗಿನಿಂದ ತನ್ನ ಮುತ್ತಾತ ನಾವಿಕರನ್ನು ಪಾರುಮಾಡಿದ ಕಥೆಯನ್ನು ಅವಳು ವರ್ಷಗಟ್ಟಲೆ ಕೆದಕಿ ಬರೆದಿದ್ದಳು. ಸಾಮೋವಾ ದ್ವೀಪದಾಚೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ. ಸಾಮೋವಾದಲ್ಲೇ ಎಷ್ಟು ಜನಕ್ಕೆ ಗೊತ್ತು ಎನ್ನುವುದೂ ಅನುಮಾನ. ಆದರೆ ಮುಂದಿನ ವಾರ ಆ ನಾವಿಕರ ಮರಿಮಕ್ಕಳು ನ್ಯೂಜಿಲೆಂಡಿನಿಂದ ಬರುವವರಿದ್ದರು. ಫಗಲೂಪೆಯ ಚರ್ಚಿನೆದುರು ನೆನಪಿನ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಕಲ್ಲಿನ ಮೇಲೆ ಅವಳ ಮನೆತನದ ಹೆಸರು. ಸಮಾರಂಭಕ್ಕೆ ಕರೆಯಲು ಬಂದವಳು, ಬಂದದ್ದೇ ಬಂದೆ, ಬರೆದದ್ದನ್ನು ಇನ್ನೊಮ್ಮೆ ಓದಿಯೂಬಿಡೋಣ ಎಂದು ಕೂತಿದ್ದಳು.

"ಹೌದಜ್ಜಿ, ನಮ್ಮ ಚರ್ಚಿನ ಎದುರಿಗಿರೋ ಕಂಡಿ. ಹವಳದ ದಂಡೆ ದಾಟೋಕೆ ಅದೇ ಅಲ್ವಾ ದಾರಿ?"

"ಹಂಗಾದ್ರೆ ನಿಮ್ಮ ಮುತ್ತಾತ ದೋಣೀಲಿ ಹೋಗ್ಲಿಲ್ಲ ಬಿಡು, ದೋಣಿ ತಲೆ ಮೇಲೆ ಹೊತ್ಕೊಂಡು ಹೋದ. ಆವಾಗ ಆ ಕಂಡಿ ಎಲ್ಲಿತ್ತೇ ಟೀಚರಮ್ಮ? ಸರ್ಕಾರದೋರು ಡೈನಮೈಟ್ ಇಟ್ಟು ಒಡ್ಸಿದ್ದು ನಾನು ಹುಡುಗಿಯಾಗಿದ್ದಾಗ. ಸತ್ತು ತೇಲಿದ ಮೀನನ್ನ ಬುಟ್ಟಿಗಟ್ಲೆ ಬಾಚ್ಕೊಂಡು ಬಂದಿದ್ವಿ. ತಿಂದೂ ತಿಂದೂ ನಮ್ಮಪ್ಪಂಗೆ ಹೊಟ್ಟೆ ಕೆಟ್ಟುಹೋಗಿತ್ತು."

"ಸುಮ್ನಿರಕ್ಕ," ಎಂದ ಉಸುಗಾ. "ಮನೆಗೆ ಬಂದೋರ ಮುಂದೆ ಏನು ಮಾತದು."

ತಿಲೊಮೈಯ ಕಿವಿ ಬಿಸಿಯಾದವು. "ಹೋದ ತಿಂಗಳೂ ಇದನ್ನೇ ಓದಿದ್ನಲ್ಲ ಹಿರಿಯರೇ? ಚೆನ್ನಾಗಿ ಹೇಳ್ದೆ ಅಂದ್ರಿ. ಅದಕ್ಕೇ ಸಲೆತೋವಾದವರೂ ಇದನ್ನ ಒಪ್ತಾರೆ ಅಂತ ಬರೆದೆ."

ಉಸುಗಾ ಬೀಸಣಿಗೆಯಿಂದ ಅವಳ ತಟ್ಟೆಯ ಮೇಲಿನ ನೊಣ ಓಡಿಸಿದ. "ನೀನು ಬಿಸ್ಕತ್ ಡಬ್ಬ ಹೊತ್ಕೊಂಡು ಬಂದೆ. ಚಾಪೆ ಮೇಲೆ ಕೂತು ನಿಮ್ಮ ಹಿರೀಕರ ವಿಷಯ ಓದ್ದೆ. ಚೆನ್ನಾಗಿ ಹೇಳ್ದೆ ಅನ್ನದೆ ಇನ್ನೇನು ಅನ್ಲಿ ಮಗಳೇ? ಸುಳ್ಳು ಅನ್ಲಾ?"

ಅದು ಅವಳಿಗೆ ಗೊತ್ತಿರಬೇಕಾಗಿತ್ತು. ಪಾದ್ರಿಯ ಎಂಥ ನೀರಸ ಪ್ರವಚನಕ್ಕೂ ಪ್ರತಿ ಭಾನುವಾರ ಅದೇ ಮಾತನ್ನು ಅವಳೂ ಹೇಳಿಬರುತ್ತಿದ್ದಳು. ಊರಿನ ಮಗುವಿಗೂ ಗೊತ್ತಿದ್ದ ಸಂಗತಿ ಆಕ್ಲೆಂಡಿನಲ್ಲಿ ಓದಿ ಬಂದ ಟೀಚರಿಗೆ ಮರೆತುಹೋಗಿತ್ತು. ಮರೆವು ಎನ್ನುವುದೂ ಪೂರಾ ನಿಜವಲ್ಲ. ಬೇಕಾದ ಉತ್ತರ ಸಿಕ್ಕಿದ್ದರಿಂದ ಮುಂದೆ ಕೇಳುವ ಗೋಜಿಗೆ ಅವಳು ಹೋಗಿರಲಿಲ್ಲ.

"ಹಾಗಾದ್ರೆ ಹೋದೋರು ಯಾರು?" ಎಂದಳು. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು.

ನಿವಾ ಅಜ್ಜಿ ಈಗ ನಗುತ್ತಿರಲಿಲ್ಲ. ಹೋದವರು ಸಲೆತೋವಾದವರು, ತಮ್ಮೂರಿನ ಮುಂದಿನ ಕಂಡಿಯಿಂದ. ಆಗ ಇದ್ದದ್ದು ಅದೊಂದೇ. ಮುಂದಾಳಾಗಿ ಹೋದವನು ಅವಳ, ಉಸುಗಾನ ಅಜ್ಜ ಅಪೆಲು. ನಾವಿಕರನ್ನೆಲ್ಲ ದಡಕ್ಕೆ ತಂದ ಮೇಲೆ, ಒಬ್ಬ ಉಳಿದಿದ್ದಾನೆ ಎಂದು ಯಾರೋ ಅಂದರಂತೆ. ಅವನನ್ನು ತರಲು ಹೋದ ಅಪೆಲು ಮತ್ತೆ ಬರಲಿಲ್ಲ. ಪಾದ್ರಿ ಇದ್ದದ್ದು ಫಗಲೂಪೆಯಲ್ಲಿ, ಹಾಗಾಗಿ ಮಾರನೆಯ ದಿನ ನಾವಿಕರನ್ನು ಅಲ್ಲಿಗೆ ನಡೆಸಿಕೊಂಡು ಹೋದರು. ತಿಲೊಮೈಯ ಮುತ್ತಾತ ಹಂದಿ ಕಡಿಸಿ ಊಟ ಹಾಕಿದ. ಪಾದ್ರಿ ಕಂಡಿದ್ದು ಊಟ ಹಾಕಿದವನನ್ನು, ಹೊಗಳಿದ್ದೂ ಅವನನ್ನೇ.

"ಊಟ ಹಾಕಿದ್ದು ಸುಳ್ಳಲ್ಲ," ಎಂದು ಉಸುಗಾ ಅವಸರದಿಂದ ಸೇರಿಸಿದ. "ಹೊಟ್ಟೆ ತುಂಬ ಹಾಕಿದ್ರು."

"ಇಷ್ಟು ದಿನ ಯಾಕೆ ಯಾರೂ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲೇ," ಎಂದಳು ಅಜ್ಜಿ. "ಬಂದೆ, ಓದ್ದೆ, ಹೋದೆ."

ಸಮುದ್ರದ ಪಕ್ಕದ ದಾರಿಯಲ್ಲಿ ನಡೆದು ಬರುವಾಗ ತಿಲೊಮೈಗೆ ಮೊದಲು ಹೊಳೆದದ್ದು, ಆ ಕಂಡಿಯ ಸಾಲೊಂದನ್ನು ಹೊಡೆದುಹಾಕಿದರೆ ಯಾರಿಗೆ ತಿಳಿಯುತ್ತದೆ ಎಂಬುದು. ಹಾಗೆ ಹೊಳೆದದ್ದಕ್ಕೆ ಎಷ್ಟು ನಾಚಿಕೆಯಾಯಿತೆಂದರೆ, ಎದುರು ಸಿಕ್ಕವರ ಮುಖ ನೋಡಲಾಗದೆ ನೆಲ ನೋಡಿಕೊಂಡೇ ನಡೆದಳು. ಊರು ಹತ್ತಿರವಾದಾಗ ಸಂಜೆ ಪ್ರಾರ್ಥನೆಯ ಗಂಟೆ ಶುರುವಾಯಿತು. ಸುತ್ತಲಿನ ಊರುಗಳಲ್ಲಿ ಖಾಲಿ ಗ್ಯಾಸ್ ಸಿಲಿಂಡರನ್ನು ಮರಕ್ಕೆ ತೂಗುಹಾಕಿ ಕಬ್ಬಿಣದ ಸರಳಿನಿಂದ ಬಡಿಯುತ್ತಾರೆ. ಫಗಲೂಪೆಯಲ್ಲಿ ಮಾತ್ರ ನಿಜವಾದ ಕಂಚಿನ ಗಂಟೆ, ಅದೇ ಹಡಗಿನದು. ಮುತ್ತಾತ ದಂಡೆಯಿಂದ ಎಳೆದು ತಂದು ಚರ್ಚಿಗೆ ಕಟ್ಟಿದ್ದು. ಅದರ ದನಿ ಸಲೆತೋವಾದವರೆಗೂ ಕೇಳುತ್ತದೆ ಎಂದು ಊರಿಗೆಲ್ಲ ಹೆಮ್ಮೆ.

ಮನೆಯಲ್ಲಿ ದೊಡ್ಡಪ್ಪ ಪ್ರಾರ್ಥನೆ ಮುಗಿಸಿ ಊಟಕ್ಕೆ ಕೂತಿದ್ದ. ಮನೆತನದ ಯಜಮಾನಿಕೆಯ ಜೊತೆಗೆ ಬಂದ ಲೆವಾಸಾ ಎಂಬ ಬಿರುದೇ ಅವನ ಹೆಸರಾಗಿತ್ತು. ಊರ ಹಿರಿಯರು ಕಾವಾ ಬೇರಿನ ಪಾನೀಯ ಕುಡಿಯಲು ಕೂತಾಗ, ‘ಕಡಲ ಬಾಯಿಂದ ಜೀವ ಕಿತ್ತು ತಂದ ಲೆವಾಸಾನಿಗೆ ಬಟ್ಟಲು’ ಎಂದು ಕೂಗಿಯೇ ಅವನಿಗೆ ಕೊಡಬೇಕು. ಆ ಕೂಗಿಗೆ ಅವನು ಬೆನ್ನು ನೆಟ್ಟಗೆ ಮಾಡುವುದನ್ನು ತಿಲೊಮೈ ಚಿಕ್ಕಂದಿನಿಂದ ನೋಡಿದ್ದಳು. ಅದನ್ನೆಲ್ಲ ಈಗ ತಾನೇ ಕಿತ್ತುಕೊಳ್ಳಬೇಕಿತ್ತು. ಆದರೂ ಕೇಳಿದ್ದಷ್ಟನ್ನೂ ಹೇಳಿದಳು.

ಅವಳ ತಮ್ಮ ಮೀಕಾ ಕೆಸುವಿನ ಗಡ್ಡೆ ಜಗಿಯುತ್ತಲೇ, "ಆ ಮುದುಕಿ ಮಾತು ಕಟ್ಕೊಂಡು ಏನಾಗ್ಬೇಕಕ್ಕ?" ಎಂದ. "ನೂರು ವರ್ಷದ ಹಿಂದಿಂದು. ಕಂಡಿ ವಿಷಯ ತೆಗೆದ್ಹಾಕು, ಮುಗೀತು. ನ್ಯೂಜಿಲೆಂಡಿನೋರು ವಿಮಾನದ ಟಿಕೆಟ್ಟು ತಗೊಂಡಾಗಿದೆ."

ಲೆವಾಸಾ ತಟ್ಟೆ ಸರಿಸಿದ.

"ನಮ್ಮಪ್ಪ ಸಾಯೋವಾಗ ಒಂದು ಮಾತು ಹೇಳಿದ್ದ. ಸಲೆತೋವಾದವರ ಎದುರಿಗೆ ಹಡಗಿನ ಸುದ್ದಿ ಎತ್ತಬೇಡ ಅಂತ. ಜಂಬ ಪಡಬೇಡ ಅಂತಿದಾನೆ ಅಂದ್ಕೊಂಡೆ." ಅವನು ಕೈಯೊರೆಸಿಕೊಂಡ. "ಹಾಗಂದ್ಕೊಳ್ಳೋದೇ ಸುಲಭ ಆಗಿತ್ತು. ಮೀಕಾ, ಗಂಟೆ ಇಳಿಸೋಕೆ ಜನ ಕರಿ. ತಿಲೊಮೈ, ಪೆಟ್ಟಿಗೆಯಿಂದ ನಿಮ್ಮಜ್ಜಿ ಹೆಣೆದ ಚಾಪೆ ತೆಗಿ."

ಆ ನಯವಾದ ಚಾಪೆಯನ್ನು ಮದುವೆಗೂ ತೆಗೆದಿರಲಿಲ್ಲ. ಅಂಥದ್ದನ್ನು ತಲೆಯ ಮೇಲೆ ಹೊದ್ದು ತಪ್ಪೊಪ್ಪಲು ಹೋಗುವುದು ಕೊಲೆಗೋ ಅಂಥ ದೊಡ್ಡ ತಪ್ಪಿಗೋ ಮಾತ್ರ. ಮೀಕಾ ಬಾಯಿ ತೆರೆದ. ದೊಡ್ಡಪ್ಪನ ಮುಖ ನೋಡಿ ಜನ ಕರೆಯಲು ಎದ್ದ.

ಬೆಳಕು ಹರಿಯುವ ಮೊದಲೇ ಅವರು ಉಸುಗಾನ ಮನೆಯೆದುರು, ಜಲ್ಲಿ ಹರಡಿದ ಅಂಗಳದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಒಂದೇ ಚಾಪೆಯ ಕೆಳಗೆ ದೊಡ್ಡಪ್ಪ ಮತ್ತು ತಿಲೊಮೈ. ಹಿಂದೆ ನಿಂತ ಪಿಕಪ್ಪಿನಲ್ಲಿ ಮೀಕಾ ಮತ್ತು ಗಂಟೆ. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಕೂತೇ ಇರಬೇಕು. ಸಲೆತೋವಾ ಎದ್ದಿತು. ಪೊರಕೆಯ ಸದ್ದು, ಕೋಳಿಗಳ ಸದ್ದು. ಅದು ಟೀಚರಲ್ವಾ ಎಂದು ಯಾವುದೋ ಮಗು ಕೇಳಿತು, ಯಾರೋ ಅದರ ಬಾಯಿ ಮುಚ್ಚಿಸಿದರು. ತಿಲೊಮೈಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದಲ್ಲಿ ದೊಡ್ಡಪ್ಪನ ಉಸಿರು ಕೇಳುತ್ತಿತ್ತು. ಮಂಡಿನೋವಿನ ಮನುಷ್ಯ, ಒಮ್ಮೆಯೂ ಅಲುಗಲಿಲ್ಲ. ಬಿಸಿಲು ಚಾಪೆಯನ್ನು ಕಾಯಿಸತೊಡಗಿದಾಗ ಜಲ್ಲಿಯ ಮೇಲೆ ಹೆಜ್ಜೆ ಸದ್ದಾಯಿತು. ಬೆಳಕು ಮುಖಕ್ಕೆ ಬಿತ್ತು.

ಚಾಪೆ ಹಿಡಿದು ನಿಂತಿದ್ದ ಉಸುಗಾನ ಕಣ್ಣು ಒದ್ದೆಯಾಗಿತ್ತು. "ಮೇಲೆ ಬನ್ನಿ ಲೆವಾಸಾ. ಕೋಕೋ ಆರ್ಹೋಗ್ತಿದೆ. ಅಕ್ಕ ಆಗ್ಲಿಂದ ಬೈತಿದಾಳೆ, ಬೇಗ ಕರೀ ಬೇಗ ಕರೀ ಅಂತ."

ಒಳಗೆ ಲೆವಾಸಾ ತಡವರಿಸುತ್ತ ಮಾತಾಡಿದ. ಕಲ್ಲಿನ ಮೇಲೆ ಅಪೆಲುವಿನ ಹೆಸರು ಬರಬೇಕು, ಕಲ್ಲು ಸಲೆತೋವಾದಲ್ಲೇ ನಿಲ್ಲಬೇಕು, ತನ್ನ ಬಟ್ಟಲಿಗೆ ಇನ್ನು ಆ ಕೂಗು ಬೇಡ. ಉಸುಗಾ ಎಲ್ಲಕ್ಕೂ ಒಪ್ಪಿ ತಲೆಯಾಡಿಸಿದ. ಚಾಪೆಯನ್ನೂ ಮಡಿಸಿ ಹಣೆಗೊತ್ತಿಕೊಂಡು ತೆಗೆದಿಟ್ಟ. ಕೊನೆಗೆ ಲೆವಾಸಾ, "ಗಂಟೇನೂ ತಂದಿದೀವಿ. ಅದು ನಿಮ್ಮದು," ಎಂದ.

ಉಸುಗಾ ಅಕ್ಕನ ಕಡೆ ನೋಡಿದ. ಚಾಕು ಹಿಡಿದು ದೀವಿಹಲಸಿನ ಮುಂದೆ ಕೂತಿದ್ದ ಅಜ್ಜಿ ತಲೆಯೆತ್ತಲಿಲ್ಲ.

"ಅದೊಂದು ಬೇಡ," ಎಂದಳು. "ವಾಪಸ್ ತಗೊಂಡು ಹೋಗಿ."

"ನಿಮಗೆ ಸೇರಬೇಕಾದ್ದು, ನಿವಾ."

"ಗಾಳೀಲಿ ಹಡಗಿನೋರು ಅದನ್ನೇ ಬಾರಿಸ್ತಿದ್ರು. ಆ ಸದ್ದು ಕೇಳಿಯೇ ನಮ್ಮಜ್ಜ ಎದ್ದು ಹೋಗಿದ್ದು. ಅವನು ಬರ್ಲಿಲ್ಲ, ಗಂಟೆ ಇನ್ನೂ ಬಾರಿಸ್ತಾನೇ ಇತ್ತಂತೆ." ಅಜ್ಜಿ ದನಿ ಏರಿಸಲಿಲ್ಲ. "ಆಮೇಲೆ ನೀವು ಅದನ್ನ ಚರ್ಚಿಗೆ ಕಟ್ಟಿದ್ರಿ. ದಿನಾ ಸಂಜೆ ನಮ್ಮಜ್ಜಿ ಕಿವಿ ಮುಚ್ಕೊಂಡು ಮೂಲೇಲಿ ಕೂರ್ತಿದ್ಲು. ಸಾಯೋವರ್ಗೂ. ಕಿವಿ ಮುಚ್ಚೋಕೆ ನಮ್ಮ ಕೈನೂ ಇಸ್ಕೊಳ್ತಿದ್ಲು."

ತಿಲೊಮೈ ಕೋಕೋ ಲೋಟವನ್ನು ಕೆಳಗಿಟ್ಟಳು. ತಾನು ಬರೆದದ್ದರಲ್ಲಿ ತನಗೆ ತುಂಬ ಇಷ್ಟವಾಗಿದ್ದ ಸಾಲು ನೆನಪಾಯಿತು: ಆ ಗಂಟೆಯ ದನಿ ಸಲೆತೋವಾದವರೆಗೂ ಕೇಳುತ್ತದೆ.

ಹೊರಡುವಾಗ ಅಜ್ಜಿಯೇ ಬೇಯಿಸಿದ ದೀವಿಹಲಸನ್ನು ಬುಟ್ಟಿಗೆ ತುಂಬಿ ಕೊಟ್ಟಳು. ಲೆವಾಸಾ ಮುಂದೆ ಕೂರಲು ಒಪ್ಪದೆ ಹಿಂದೆ ಗಂಟೆಯ ಪಕ್ಕ ಕಾಲು ಚಾಚಿ ಕೂತ. ತಿಲೊಮೈ ಅವನೆದುರು ಕೂತಳು. ಗಂಟೆಯ ನಾಲಿಗೆಗೆ ಮೀಕಾ ಸುತ್ತಿದ್ದ ಬಟ್ಟೆ ಬರುವಾಗಲೇ ಸಡಿಲಾಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ.

ಅಂಗಳದಾಚೆಯ ಮೊದಲ ಗುಂಡಿಗೆ ಚಕ್ರ ಇಳಿಯುತ್ತಲೇ ಬಟ್ಟೆ ಕಳಚಿ ಗಂಟೆ ಬಾರಿಸಿತು. ಗುಡಿಸುತ್ತಿದ್ದವರು ನಿಂತರು. ಗೋಡೆಯಿಲ್ಲದ ಆ ಮನೆಯೊಳಗೆ ನಿವಾ ಅಜ್ಜಿ ಚಾಕು ಕೆಳಗಿಡುವುದು ತಿಲೊಮೈಗೆ ಕಾಣಿಸಿತು. ಎರಡನೆಯ ಗುಂಡಿ ಬರುವಷ್ಟರಲ್ಲಿ ದೊಡ್ಡಪ್ಪ ಗಂಟೆಯೊಳಗೆ ಕೈ ತೂರಿಸಿ ನಾಲಿಗೆಯನ್ನು ಹಿಡಿದುಬಿಟ್ಟಿದ್ದ. ಗಾಡಿ ಎತ್ತಿ ಹಾಕಿತು. ಕಂಚು ಮಣಿಕಟ್ಟಿಗೆ ಬಡಿದ ಸದ್ದು ಮಾತ್ರ ಕೇಳಿತು.

"ನಿಧಾನ ಹೊಡಿಯೋ ಮೀಕಾ," ಎಂದು ಅವಳು ಕೂಗಿದಳು.

ಸಲೆತೋವಾದ ಕೊನೆಯ ಮನೆ ದಾಟಿತು, ತೆಂಗಿನ ತೋಟ ದಾಟಿತು, ಫಗಲೂಪೆಯ ಚರ್ಚು ಕಂಡಿತು. ದೊಡ್ಡಪ್ಪ ಇನ್ನೂ ಕೈ ಹೊರಗೆ ತೆಗೆದಿರಲಿಲ್ಲ.