ಕಸ್ತೂರಿಗೆಂದು ಕಟ್ಟಿದ ಧಾಟಿ

ಬಳೆ ಅಂಗಡಿಯವನು ಬಾಗಿಲನ್ನು ಅರ್ಧ ಎಳೆದ. ಪಕ್ಕದ ಕಿರಾಣಿಯವನೂ ಎಳೆದ. ಹೆಣ ಹೋಗುವಾಗ ಹೀಗೆ ಅರ್ಧ ಬಾಗಿಲು ಮುಚ್ಚಿ ಎದ್ದು ನಿಲ್ಲುವುದು ನಮ್ಮ ಪೇಟೆಯ ಪದ್ಧತಿ. ಆದರೆ ಅಂದು ಯಾರದೋ ಮದುವೆಯಲ್ಲಿ ನಮ್ಮ ಬ್ಯಾಂಡಿನ ಹಿಂದೆ ಬರುತ್ತಿದ್ದದ್ದು ಹೆಣವಲ್ಲ, ಕುದುರೆ ಏರಿದ ಮದುಮಗ. ನಾನು ಕ್ಲಾರಿನೆಟ್ಟಿನಲ್ಲಿ ಊದುತ್ತಿದ್ದದ್ದು ನಾನೇ ಕಟ್ಟಿದ ಧಾಟಿ. ನಾಚಿಕೆಯಿಂದ ನಡುವೆಯೇ ನಿಲ್ಲಿಸಿದೆ.

ಆ ಧಾಟಿ ಹುಟ್ಟಿದ್ದು ನನ್ನ ಮಗಳು ಕಸ್ತೂರಿ ಹುಟ್ಟಿದ ವರ್ಷ. ಕೂಸು ಎಷ್ಟೇ ಅಳುತ್ತಿರಲಿ, ಅದನ್ನು ಊದಿದರೆ ನಗುತ್ತಿತ್ತು. ಆಮೇಲೆ ಎಷ್ಟೋ ಮದುವೆಗಳಲ್ಲಿ ಅದಕ್ಕೆ ಜನ ಕುಣಿದರು. ಅದು ಕೆಟ್ಟಿದ್ದು ಶಿವಪುತ್ರಪ್ಪ ಮಾಸ್ತರರು ತೀರಿಕೊಂಡ ದಿನ. ತೊಂಬತ್ತು ದಾಟಿದ ಜೀವ. ನಿವೃತ್ತರಾದ ಮೇಲೂ ಜಗಲಿಯಲ್ಲಿ ಊರ ಮಕ್ಕಳಿಗೆ ಅಕ್ಷರ ಕಲಿಸಿದವರು. ಅಳುವ ಹಾಡು ಬೇಡ, ಸಂತೋಷದ್ದು ನುಡಿಸಿ ಎಂದರು ಅವರ ಮಕ್ಕಳು. ನಾನೇ ಹೆಮ್ಮೆಯಿಂದ ನನ್ನ ಧಾಟಿ ಊದಿದೆ. ಊರಿಗೆ ಊರೇ ಬಿಕ್ಕಿ ಬಿಕ್ಕಿ ಅತ್ತಿತು. ಅಂದಿನಿಂದ ಅದು ಸಾವಿನ ಹಾಡಾಗಿ ಕೂತಿತು. ಇನ್ನು ಯಾರನ್ನು ಬೈಯಲಿ?

ಕಸ್ತೂರಿಯ ಮದುವೆ ಗೊತ್ತಾದಾಗ ಮಾತ್ರ ಅದನ್ನೇ ಊದುತ್ತೇನೆಂದು ಹಟ ಹಿಡಿದೆ. ಬೀಗರು ಒಪ್ಪಲಿಲ್ಲ.

"ಅದೊಂದು ಬಿಟ್ಟು ಯಾವ್ದಾರ ಬಾರಿಸ್ರಿ. ಮದಿವಿ ಮೆರವಣಿಗಿಗೆ ಪ್ಯಾಟಿಯವ್ರು ಬಾಗಲಾ ಎಳಕೊಂಡ್ರ ಹೆಂಗ್ರಿ?"

"ಅದು ನನ್ನ ಮಗಳ ಹಾಡ್ರೀ! ಅಕಿಗಂತನ ಕಟ್ಟಿದ್ದು!" ಎಂದು ಕೂಗಾಡಿದೆ. ಅಡುಗೆಮನೆಗೆ ನುಗ್ಗಿ, "ನೀನಾರ ಹೇಳವ್ವ ಅವರಿಗೆ," ಎಂದೆ.

ಅಕ್ಕಿ ಆರಿಸುತ್ತಿದ್ದ ಕಸ್ತೂರಿ ಮೊರ ಕೆಳಗಿಟ್ಟಳು. "ಅಪ್ಪಾ, ನನಗೂ ಬ್ಯಾಡ."

"ಯಾಕ?"

"ಮಾಸ್ತರು ನನ್ನ ಕೈ ಹಿಡದು ಅಕ್ಷರ ತಿದ್ದಿಸಿದವ್ರು. ಅದನ್ನ ಕೇಳಿದ್ರ ಅವರ ಮಾರಿ ಕಣ್ಣ ಮುಂದ ಬರ್ತೈತಿ."

"ನಿನ್ನ ತೊಟ್ಟಿಲ ಮುಂದ ಕುಂತು ಊದೀನಲ್ಲ, ಅದು?"

"ಅದು ನಿನಗ ನೆನಪೈತಿ. ನನಗ ಹೆಂಗ ನೆನಪಿರಬೇಕಪ್ಪಾ?"

ಇಪ್ಪತ್ತು ವರ್ಷ ನಾನೊಬ್ಬನೇ ಅದನ್ನು ಅವಳ ಹಾಡು ಎಂದುಕೊಂಡಿದ್ದೆ. ಮೈಯೆಲ್ಲ ಉರಿಯಿತು. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದೂ ತಿಳಿಯಲಿಲ್ಲ.

ಮದುವೆಯ ದಿನ ಬೀಗರು ಹೇಳಿದ ಯಾವುದೋ ಸಿನಿಮಾ ಹಾಡನ್ನು ಊದಿದೆ. ಪಲ್ಲವಿಯ ಕೊನೆಯಲ್ಲಿ ಪ್ರತಿ ಸಲ ಒಂದು ಸ್ವರ ತಪ್ಪುತ್ತಿತ್ತು. ಸರಿಮಾಡುವ ಮನಸ್ಸೂ ನನಗಿರಲಿಲ್ಲ.

ಎರಡು ವರ್ಷದ ಮೇಲೆ ಕಸ್ತೂರಿ ಬಾಣಂತನಕ್ಕೆ ಬಂದಳು. ಒಂದು ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದೇ ದರಿದ್ರ ಸಿನಿಮಾ ಹಾಡನ್ನು ಗುನುಗುತ್ತಿದ್ದಳು. ನಾನು ತಪ್ಪಿದ ಜಾಗದಲ್ಲಿ, ನಾನು ತಪ್ಪಿದ ಹಾಗೆಯೇ ಅವಳೂ ತಪ್ಪುತ್ತಿದ್ದಳು.

"ಬ್ಯಾರೆ ಹಾಡು ಬರೂದಿಲ್ಲೇನು ನಿನಗ?" ಎಂದು ಗದರಿದೆ.

ಅವಳು ನನ್ನತ್ತ ತಿರುಗಲೇ ಇಲ್ಲ. "ಇದು ನಮ್ಮಪ್ಪನ ಹಾಡು," ಎಂದು ಕೂಸಿಗೆ ಹೇಳಿದಳು.

ತಪ್ಪಿದ ಸ್ವರವನ್ನು ತಿದ್ದಲು ತೆರೆದ ಬಾಯನ್ನು ಮುಚ್ಚಿಕೊಂಡೆ. ಕೂಸು ಆಗಲೇ ನಿದ್ದೆ ಹೋಗಿತ್ತು.