ಮಂತ್ರಿಯ ನೆರಳು

ಓದುಗನಿಗೆ ಕೊಟ್ಟ ಮಾತೂ ಮಾತೇ ಎಂಬುದು ಅಕ್ಕನ ದೃಢವಾದ ನಂಬಿಕೆ. ಶಾಲೆಯಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದ ಆಕೆ, ತಮ್ಮನ ಕಾದಂಬರಿಗಳ ಕರಡಚ್ಚು ತಿದ್ದುವುದನ್ನು ಕರ್ತವ್ಯವೆಂದೇ ಒಪ್ಪಿಕೊಂಡಿದ್ದಳು. ತಮ್ಮನೋ, ಹಳೆಯ ಕಾಲದ ಅರಸೊತ್ತಿಗೆಗೆ ಒಂದಿಷ್ಟು ಮಾಯೆ ಬೆರೆಸಿ ಸಂಪುಟದ ಮೇಲೆ ಸಂಪುಟ ಬರೆಯುವವನು. ಅಧ್ಯಾಯ ಆರಂಭವಾದಾಗಲೆಲ್ಲ ಹೊಸದೊಂದು ಅದ್ಭುತವನ್ನು ಬಿತ್ತುವುದು, ಆಮೇಲೆ ಅದಕ್ಕೆ ಹನಿ ನೀರೂ ಹಾಕದಿರುವುದು ಅವನ ಚಾಳಿ. ಎರಡನೆಯ ಸಂಪುಟದಲ್ಲಿ ಬೆಟ್ಟ ಹತ್ತಿದ ನದಿ ಇನ್ನೂ ಇಳಿದಿಲ್ಲ. ಗಾಳಿ ಮಾರುವ ವರ್ತಕರು ಒಂದು ಪುಟದಲ್ಲಿ ಅಂಗಡಿ ತೆರೆದು ಮರುಪುಟದಲ್ಲೇ ನಾಪತ್ತೆಯಾದರು. ಅದನ್ನೆಲ್ಲ ಅಕ್ಕ ಹಲ್ಲು ಕಚ್ಚಿ ಸಹಿಸಿದ್ದಳು.

ಕೊನೆಯ ಸಂಪುಟ ಬಂದಾಗ ತಾಳ್ಮೆಯ ಕಟ್ಟೆ ಒಡೆಯಿತು. ಅವಳ ಸಹಿ ಬಿದ್ದ ಮೇಲೆಯೇ ಪುಸ್ತಕ ಅಚ್ಚಿಗೆ ಹೋಗಬೇಕು. ಅಚ್ಚುಕೂಟದ ಯಜಮಾನರು ಹೊರಕೋಣೆಯಲ್ಲಿ ಕಾಯುತ್ತ ಕುಳಿತಿದ್ದರು. ಕಿಟಕಿಯ ಇಳಿಬಿಸಿಲಿನಲ್ಲಿ ಅಕ್ಕ ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟಳು.

“ಲೋ, ಬಾ ಇಲ್ಲಿ. ಈ ರಾಜ್ಯದಲ್ಲಿ ಸುಳ್ಳು ಹೇಳಿದವನಿಗೆ ಅವತ್ತೆಲ್ಲ ಬಿಸಿಲಲ್ಲಿ ನೆರಳು ಬೀಳಲ್ಲ ಅಂತ ಮೊದಲನೇ ಸಂಪುಟದಲ್ಲಿ ಬರೆದಿದ್ದೆ ತಾನೆ?”

“ಹೂಂ. ಚೆನ್ನಾಗಿತ್ತಲ್ಲ?”

“ಚೆನ್ನಾಗಿತ್ತು. ಹಾಗಾದ್ರೆ ರಾಜನಿಗೆ ವಿಷ ಹಾಕಿದ್ದು ಯುವರಾಜನೋ ಮಂತ್ರಿಯೋ ಅಂತ ಇಷ್ಟುದ್ದ ವಿಚಾರಣೆ ಯಾಕೋ? ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ಕೇಳಿದ್ರೆ ಮುಗೀತಿತ್ತಲ್ಲ!”

“ಅದು ಹಳೇ ಮಾತು ಅಕ್ಕ. ಯಾರಿಗೆ ನೆನಪಿರುತ್ತೆ?”

“ನನಗಿದೆ. ಅಂಥ ಊರಲ್ಲಿ ವ್ಯಾಪಾರಿ ಚೌಕಾಸಿ ಹೇಗೋ ಮಾಡ್ತಾನೆ? ಗಂಡ ಹೆಂಡತಿ ಅಡುಗೆನ ಹೇಗೆ ಹೊಗಳ್ತಾನೆ? ಊರಿಗೆ ಊರೇ ಕೊಡೆ ಹಿಡ್ಕೊಂಡು ಓಡಾಡಬೇಕು!”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸುವ ಇಂಥ ಬರವಣಿಗೆ ಬರಿಯ ಸೋಮಾರಿತನವಲ್ಲ, ವಚನಭಂಗ. ಅದಕ್ಕೆ ಸಹಿ ಹಾಕಿದವಳೂ ಪಾಲುದಾರಳೇ. ಅಕ್ಕನ ಮನಸ್ಸು ಹಾಗೆಂದು ಗಟ್ಟಿಯಾಯಿತು.

“ಟೀಚರ್, ಮೆಷಿನ್ ಸುಮ್ನೆ ನಿಂತಿದೆ,” ಎಂದರು ಯಜಮಾನರು, ಬಾಗಿಲಲ್ಲಿ ಇಣುಕಿ. “ನೆರಳು ಗಿರಳು ಬಿಡಿ, ಒಂದು ಸಹಿ ಹಾಕಿ.”

“ಮಧ್ಯೆ ಮಾತಾಡಬಾರದು. ಕೂತ್ಕೊಳ್ಳಿ.”

ಅವಳ ತರಗತಿಯಲ್ಲಿ ಎಂದೂ ಓದದ ಆ ದೊಡ್ಡ ಮನುಷ್ಯ ಒಳಗೆ ಬಂದು ಕೈಕಟ್ಟಿ ಕುಳಿತುಬಿಟ್ಟರು.

ತಮ್ಮ ಹುಲ್ಲುಕಡ್ಡಿ ಹಿಡಿದು ಹೊಳೆ ದಾಟಲು ನೋಡಿದ. “ಹೊರಗೆ ಯಾಕೆ ಕರ್ಕೊಂಡು ಹೋಗ್ತಾರೆ? ವಿಚಾರಣೆ ನಡೆಯೋದು ನ್ಯಾಯಮಂಟಪದಲ್ಲಿ. ಅದಕ್ಕೆ ಕಿಟಕಿನೇ ಇಲ್ಲ, ಬರೀ ದೀಪ. ಎರಡನೇ ಸಂಪುಟದಲ್ಲೇ ಬರೆದಿದೀನಿ.”

“ಯಾಕಿಲ್ಲ?”

“ಏನು?”

“ಕಿಟಕಿ ಯಾಕಿಲ್ಲ? ಕಟ್ಟಿಸಿದವರು ಯಾರು?”

ತಮ್ಮನ ಕಣ್ಣು ಮಿಂಚಿತು. ಪಾಠ ತಲೆಗೆ ಹತ್ತಿದ ಮಕ್ಕಳ ಕಣ್ಣನ್ನು ಅಕ್ಕ ಬಲ್ಲವಳು. ಅವನು ಬಿಳಿ ಹಾಳೆಗಳನ್ನು ಎಳೆದುಕೊಂಡು ಬರೆಯತೊಡಗಿದ. ಯಜಮಾನರು ಒಮ್ಮೆ ಕೆಮ್ಮಿದರು, ಅಕ್ಕ ಕನ್ನಡಕದ ಮೇಲಿನಿಂದ ನೋಡಿದಳು, ಕೆಮ್ಮು ನಿಂತಿತು.

ಬರೆದದ್ದನ್ನು ಅವಳು ಓದಿದಳು. ಒಳಗೆ ಬಿಸಿಲು ಬೀಳದಿರಲೆಂದೇ ಮಂಟಪವನ್ನು ಹಾಗೆ ಕಟ್ಟಿಸಿದ್ದು ಮಂತ್ರಿಯ ಅಜ್ಜ. ಯುವರಾಜ ಸಾಕ್ಷಿ ಕರೆಯಲಿಲ್ಲ, ವಾದ ಹೂಡಲಿಲ್ಲ. ಬಾಗಿಲು ತೆರೆಸಿ ತಾನೇ ಬಿಸಿಲಿಗಿಳಿದು, ನಿರಪರಾಧಿಯೆಂದು ಸಾರಿ, ಕಾಲಡಿಯ ನೆರಳನ್ನು ತೋರಿಸಿ, “ಬನ್ನಿ ಮಂತ್ರಿಗಳೇ” ಎಂದ. ಮಂತ್ರಿ ಹೊಸ್ತಿಲು ದಾಟಲಿಲ್ಲ. ಅವನ ಬೆನ್ನ ಹಿಂದೆ ನ್ಯಾಯಾಧೀಶರೂ ಒಬ್ಬೊಬ್ಬರಾಗಿ ದೀಪದ ಕಡೆಗೆ ಸರಿದರು.

ಅಕ್ಕ ಕೆಂಪು ಪೆನ್ನೆತ್ತಿ ಒಂದು ಅಲ್ಪವಿರಾಮವನ್ನು ತಿದ್ದಿ, ಸಹಿ ಹಾಕಿದಳು. ಯಜಮಾನರು ಹಾಳೆಗಳನ್ನು ಎದೆಗವಚಿಕೊಂಡು, ಮತ್ತೇನಾದರೂ ಕೇಳಿಯಾಳೆಂಬ ಭಯದಲ್ಲಿ, ಹೇಳದೆ ಕೇಳದೆ ಕಾಲ್ತೆಗೆದರು.

“ಆ ನದಿ?” ಎಂದಳು ಅಕ್ಕ.

“ಮುಂದಿನ ಮುದ್ರಣದಲ್ಲಿ ಇಳಿಸ್ತೀನಿ.” ತಮ್ಮ ಅಷ್ಟಕ್ಕೆ ಎದ್ದು ಹೋಗಲಿಲ್ಲ. “ಅಕ್ಕ, ನಿಜ ಹೇಳು. ವಿಚಾರಣೆ ಹೇಗಿದೆ?”

ಬಿಸಿಲು ಅವಳ ನೆರಳನ್ನು ನೆಲದುದ್ದಕ್ಕೂ ಚಾಚಿತ್ತು. ಅವಳು ಅದರತ್ತ ನೋಡಲೂ ಇಲ್ಲ. “ತುಂಬಾ ಚೆನ್ನಾಗಿದೆ ಕಣೋ.”

ಅವನ ಕಣ್ಣು ತಟಕ್ಕನೆ ನೆಲಕ್ಕೆ ಹೋಯಿತು. ನೆರಳು ಇದ್ದಲ್ಲೇ ಇತ್ತು. ಮುಖ ಅರಳಿತು. “ಮತ್ತೆ ಯುವರಾಜನ ಪ್ರೇಮಪ್ರಸಂಗ ಹೇಗಿದೆ?”

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ನಿಧಾನವಾಗಿ ಒರೆಸಿದಳು.

“ಮೊದಲು ಆ ಕಿಟಕಿ ಪರದೆ ಎಳಿ. ಆಮೇಲೆ ಹೇಳ್ತೀನಿ.”